ಚಿನ್ನದ ಗುಂಡಿಯೊಳಗ ಸಂಧ್ಯಾರಾಣಿ

ಮಕ್ಕಳು ಮಲಗಿದ್ವೇನು? ಬಾಗಿಲಾ ಹಾಕ್ರಿ.

ಇದು ನಮ್ಮ ಸೋದರಮಾವನ ಮಗಳು ಸಂಧ್ಯಾರಾಣಿಗೆ ಆದದ್ದು. ಧಾರವಾಡದಾಕಿ. ಮೆಲ್ಬರ್ನ್‌ನಾಗ ಕಪ್ಪಿ ಮ್ಯಾಲೆ ಸಂಶೋಧನಾ ಮಾಡ್ತಿದ್ಲು.

ಹೋದ ವರ್ಷ, ಚಳಿ ಶುರು ಆಗೂ ಹೊತ್ತು. ಮೆಲ್ಬರ್ನ್ ಮೂಡಲಕ್ಕ ಗುಡ್ಡದ ಕಾಡಿಗೆ ಹೋಗಿದ್ಲು, ಕಪ್ಪಿ ಹಲ್ಲಿ ಹಿಡ್ಯಾಕ. ಜೋಡಿಗೆ ಲ್ಯಾಬಿನ ಬೆಂಗಳೂರು ಹುಡುಗ ಅಭಿನಂದನ್. ಸಂಜಿಮುಂದ ಇಬ್ಬರೂ ಹಳ್ಳದ ದಂಡಿಗುಂಟ ಕಾರಿನ ಕಡೆ ಬರಾಕತ್ತಿದ್ರು. ಹಿಂದಕ್ಕ ಅಲ್ಲಿ ಚಿನ್ನಾ ಅಗದಾರಂತ. ಅಂಥಾ ಗುಂಡಿ ಒಂದು, ಬಾವಿ ಇದ್ದಂಗ, ಫರ್ನ್ ಗಿಡದ ಕೆಳಗ ಮುಚ್ಚಿಹೋಗಿತ್ತು...

ಧಸ್ ಅಂತ ಹೋದ್ಲು.

ತಳಾ ಮುಟ್ಟಲಿಲ್ಲ. ಅರ್ಧದಾಗ ಎರಡು ಕಲ್ಲಿನ ನಡುವ ಎದಿ ಸಿಕ್ಕೊಂತು. ಕೈ ಮ್ಯಾಲೆ, ಕಾಲು ಗಾಳಿಯೊಳಗ. ಉಸುರು ಬಿಟ್ರ ಸಾಕು, ಮೈ ಒಂಚೂರು ಕೆಳಗ ಜಾರತಿತ್ತು.

"ಅಲ್ಲಾಡ್ಬೇಡ ಸಂಧ್ಯಾ. ಇಲ್ಲಿ ಸಿಗ್ನಲ್ ಇಲ್ಲ. ರೋಡಿಗೆ ಹೋಗಿ ಫೋನ್ ಮಾಡ್ತೀನಿ."

"ಲಗೂ ಬಾ..."

ಅವನ ಬೂಟಿನ ಸಪ್ಪಳ ದೂರಾತು. ಕತ್ತಲಾತು. ಹಳ್ಳದಾಗ ಕಪ್ಪಿ ಒದರಾಕತ್ತಿದ್ವು. ಟೊಕ್... ಟೊಕ್... ಗೋಲಿಗೆ ಗೋಲಿ ಬಡದಂಗ. ಅದನ್ನ ಕೇಳ್ಕೋತ ಧೈರ್ಯಾ ತಂದ್ಕೊಂಡ್ಲು. ಆಮ್ಯಾಲೆ ಎಲ್ಲಾ ಒಮ್ಮಿಗೇ ಬಂದ್ ಆದ್ವು.

ಕೆಳಗ... ಯಾರೋ ಉಸುರಾಡಿಸಿದ್ರು.

ಮೈ ಮತ್ತ ಜಾರಿತು. ಮುಗೀತು ಅಂದ್ಕೊಂಡ್ಲು. ಅಷ್ಟರಾಗ ಎಡಗಾಲಿನ ಬೂಟಿಗೆ ಕೆಳಗಿಂದ ಏನೋ ಆಸರಾ ಆಗಿ, ಜಾರೂದು ನಿಂತಿತು. ಅಂಗೈ. ಬೆರಳು ಒಂದೊಂದಾಗಿ ಮಡಚಿದ್ದು ಗೊತ್ತಾತು.

ಮುದುಕನ ದನಿ, ಇಂಗ್ಲಿಷಿನಾಗ ಕೇಳಿತಂತ: "ಮಂದಿ ಬರಾಕತ್ತಾರೇನು?"

"ಹೌದು..." ಅಂದ್ಲು.

"ನನಗೂ ಹಂಗ ಅಂದಿದ್ರು."

ಅಷ್ಟ. ಆ ಕೈ ಬಿಟ್ರ ಸಾಯ್ತಾಳ. ಬಿಡದಿದ್ರ...?

ರೆಸ್ಕ್ಯೂದವ್ರು ಬಂದು ಹಗ್ಗಾ ಬಿಟ್ರು. ಎಳದ್ರು. ಬರಲಿಲ್ಲ.

"ಕಾಲೆಲ್ಲಿ ಸಿಕ್ಕಿದೆ?" ಅಂತ ಅಭಿನಂದನ್ ಚೀರಿದ.

ಆಕಿ ಅಳಕೋತ ಕೆಳಗಿನವಗ ಪಿಸುಗುಟ್ಟಿದ್ಲು: "ಬಿಡ್ರಿ... ನೀವಿಲ್ಲಿದ್ದದ್ದು ಹೇಳ್ತೀನಿ. ಖರೇನ ಹೇಳ್ತೀನಿ."

ಬೆರಳು ಸಡಲಾದ್ವು.

ಮ್ಯಾಲೆ ಬಂದಾಕಿನ ಹೇಳಿದ್ಲು. ಅವ್ರು ದೀಪಾ ಇಳಿಸಿ ನೋಡಿದ್ರು. ಭಾಳ ಕೆಳಗ ಕರೇ ನೀರು. ನಿಲ್ಲಾಕ ಒಂದು ಅಂಚು ಸೈತ ಇಲ್ಲ.

ಈಗಾಕಿ ಸಿಡ್ನಿಯೊಳಗ, ಚಾಟ್ಸ್‌ವುಡ್‌ನಾಗ ಆಫೀಸ್ ಕೆಲಸಾ ಹಿಡದಾಳ. ಬೇಕಾದ್ರ ಫೋನ್ ಹಚ್ಚಿಕೊಡ್ತೀನಿ, ಕೇಳ್ರಿ. ಸುಳ್ಳಲ್ಲ. ಅವತ್ತು ಮೆಲ್ಬರ್ನ್ ಪಡುವಲಕ್ಕ ಟಾರ್ನೀಟ್‌ನಾಗಿನ ನಮ್ಮ ಮನಿಯಿಂದ ಆಸ್ಪತ್ರಿಗೆ ಓಡಿದಾಂವ ನಾನ. ಆಕಿ ತುಟಿ ನೀಲಿ, ಕೈ ಮಂಜುಗಡ್ಡಿ. ಕಂಬಳಿ ಸರಿಸಿ ನಾನ ಮುಟ್ಟಿ ನೋಡೇನಿ... ಎಡಗಾಲೊಂದು ಬೆಚ್ಚಗಿತ್ತು.