ಹೆಣದ ಮನೇಲಿ ಹಾರ

ಮಧುಗಿರಿ ಬಸ್ ನಿಲ್ದಾಣದಲ್ಲಿ ಆಶಾರಾಣಿಯ ಪಕ್ಕ ಕೂತಿದ್ದ ನಟಿಯೊಬ್ಬಳು ತನ್ನ ಚಿಕ್ಕಮ್ಮನ ಹತ್ತಿರ ಹೇಳಿಕೊಂಡು ಕುದಿಯುತ್ತಿದ್ದಳು.

“ನಿನ್ನೆ ಶಿರಾದಲ್ಲಿ ಇಡೀ ಕಾದಂಬರೀನ ನಾಟ್ಕ ಮಾಡಿ ಒಬ್ಳೇ ಆಡ್ತಿದ್ದೆ. ಮಗ ಸತ್ತ ತಾಯಿಯಾಗಿ ಅಳ್ತಿರುವಾಗ್ಲೇ ನಾಟ್ಕ ಇಡಿಸಿದ್ದ ಸಂಘದೋರು ಶಾಸಕರನ್ನ ಕರ್ಕೊಂಡು ಹಾರ ಹಾಕೋಕೆ ಸ್ಟೇಜ್ ಹತ್ಬುಟ್ರು.”

“ನಾಟ್ಕದ ಮಧ್ಯೇನಾ?”

“ಹೂಂ. ಪಕ್ಕಕ್ಕೆ ನಿಂತ್ಕೊಳಮ್ಮ ಅಂದ್ರು.”

“ನಿಂತ್ಕಂಡ್ಯಾ?”

“ರಂಗಶಾಲೇಲಿ ಅದನ್ನ ಕಲಿಸಿಲ್ಲ. ಆ ತಾಯಿಯಾಗೇ ಕೇಳ್ದೆ: ‘ಮಗನ ಹೆಣ ಇನ್ನೂ ಎತ್ತಿಲ್ಲ, ನನ್ನ ಮನೇಲಿ ಯಾರಿಗ್ರಪ್ಪ ಹಾರ?’”

“ಆಮೇಲೆ?”

“ಶಾಸಕ್ರೇ ಮೊದ್ಲು ಕೆಳಗಿಳಿದ್ರು. ನಾಟ್ಕ ಮುಗಿಸ್ದೆ. ಇನ್ಮೇಲೆ ಆ ಸಂಘದೋರು ನನ್ನ ಕರೆಯಲ್ವಂತೆ.”

“ಕರೀದಿದ್ರೆ ಬುಡು. ನಮ್ಮೂರ ಗುಡಿ ಜಗ್ಲಿ ಮೇಲೆ ಆಡು. ಜನಾನ ನಾನು ಕೂಡಿಸ್ತೀನಿ ಕಣಮ್ಮ.”

ಪಾವಗಡದ ಬಸ್ಸು ಬಂತು. ಅವರು ಹತ್ತಿ ಕೂರುವಷ್ಟರಲ್ಲಿ ಆಶಾರಾಣಿ ಕಿಟಕಿಯ ಹತ್ತಿರ ಓಡಿ, “ಯಾವೂರಮ್ಮ ನಿಮ್ದು? ನಾಟ್ಕಕ್ಕೆ ನಾನೂ ಬರ್ತೀನಿ” ಎಂದು ಚಿಕ್ಕಮ್ಮನನ್ನು ಕೇಳಿದಳು.