ಆರನೇ ಸ್ಥಾನದವರ ಊರು

ವೇದಿಕೆಯ ಮೇಲಿರುವ ಬೌಲ್ ಸಮಿತಿಯ ಅಧ್ಯಕ್ಷರಾದ ಶ್ರೀ ಗ್ರೇಡಿ ಲಾಫ್ಟಿನ್ ಅವರೇ, ಊಟದ ಪ್ರಾರ್ಥನೆಯನ್ನು ಚುಟುಕಾಗಿ ಮುಗಿಸಿ ಹಸಿದವರ ಮೇಲೆ ದಯೆ ತೋರಿದ ಪಾಸ್ಟರ್ ಅವರೇ, ಕಾಲೇಜು ತಂಡಗಳ ಒಕ್ಕೂಟವಾದ ಮಿಡ್‌ಗಲ್ಫ್ ಕಾನ್ಫರೆನ್ಸಿನ ಪರವಾಗಿ ಬಂದಿರುವ ಮುಖ್ಯ ಅತಿಥಿ ಶ್ರೀ ವಿಟ್‌ಲಾಕ್ ಅವರೇ, ಎರಡೂ ತಂಡಗಳ ತರಬೇತುದಾರರೇ, ಹಸಿರು ಕೋಟು ತೊಟ್ಟ ಸಮಿತಿಯ ನನ್ನ ಗೆಳೆಯರೇ, ಬೆಲ್‌ಫೋರ್ಡಿನ ಸಭಿಕರೇ,

ಋತು ಮುಗಿದ ಮೇಲೆ ಕಾಲೇಜು ತಂಡಗಳು ಇಲ್ಲಿಗೆ ಬಂದು ಆಡುವ ಪಂದ್ಯ, ನಮ್ಮ ಬೆಂಡೆಕಾಯಿ ಬೌಲ್, ನಾಳೆ ಕೊನೆಯ ಸಲ ನಡೆಯುತ್ತದೆ. ಮುಂದಿನ ಡಿಸೆಂಬರಿಗೆ ಈ ಊರಿನಲ್ಲಿ ಫುಟ್‌ಬಾಲ್ ಇಲ್ಲ. ಬೀಳ್ಕೊಡುಗೆಯ ಮಾತನ್ನು ನಾನು ಆಡಬೇಕೆಂದು ಅಧ್ಯಕ್ಷರು ನನ್ನ ಟೈರ್ ಅಂಗಡಿಗೇ ಬಂದು ಹೇಳಿದರು. "ಹೋಬರ್ಟ್, ಅತಿಥಿಗಳಿಗೆ ಒಂದು ಥ್ಯಾಂಕ್ಸ್ ಹೇಳಿ ಕೂತ್ಕೊ. ಊಟ ಮಾಡ್ತಿರೋ ಜನಾನ ಅಳಿಸ್ಬೇಡ, ಮಾರಾಯ," ಎಂದರು. ಆಗಲಿ ಎಂದೆ. ಅಳಿಸುವ ಉದ್ದೇಶ ನನಗೆ ಖಂಡಿತ ಇಲ್ಲ.

ಕಾನ್ಫರೆನ್ಸಿನವರು ನಮ್ಮ ಊರನ್ನೂ ಪೋರ್ಟ್ ಕಾರ್ವೆಲ್ ನಗರವನ್ನೂ ಪಕ್ಕಪಕ್ಕ ಇಟ್ಟು ತೂಗಿ ನೋಡಿದರಂತೆ. ನಾನೂ ಒಮ್ಮೆ ತೂಗುತ್ತೇನೆ, ಅಪ್ಪಣೆ ಇದೆಯೇ? ಅವರಲ್ಲಿ ಸಮುದ್ರ ಇದೆ. ನಮ್ಮಲ್ಲಿ ಏನಿದೆ? ಬೆಕ್ಕುಮೀನು ಸಾಕುವ ಕೆರೆಗಳಿವೆ. ಅವರಲ್ಲಿ ಕಿಟಕಿ ತೆರೆದರೆ ಅಲೆ ಕಾಣುವ ಹೋಟೆಲುಗಳಿವೆ. ನಮ್ಮಲ್ಲಿ ಹೆದ್ದಾರಿ ಪಕ್ಕ ಎರಡು ಮೋಟೆಲುಗಳಿವೆ, ಕಿಟಕಿ ತೆರೆದರೆ ಕೋಳಿ ಕಾರ್ಖಾನೆಯ ವಾಸನೆ ಬರುತ್ತದೆ. ಅವರು ಆಟಗಾರರನ್ನು ಹಡಗಿನಲ್ಲಿ ಕೂರಿಸಿ ಊಟ ಹಾಕುತ್ತಾರೆ. ನಾವು ಚರ್ಚಿನ ಹಿಂದೆ ಮೇಜು ಹಾಕಿ, ಕರಿದ ಬೆಂಡೆಕಾಯಿ ಯಾರು ಹೆಚ್ಚು ತಿನ್ನುತ್ತಾರೆ ಎಂಬ ಸ್ಪರ್ಧೆ ಇಡುತ್ತೇವೆ. ಒಮ್ಮೆ ಒಬ್ಬ ಭಾರಿ ಆಳು ಗೆದ್ದು, ಮರುದಿನ ಅರ್ಧ ಪಂದ್ಯವನ್ನು ಶೌಚಾಲಯದಲ್ಲೇ ಕಳೆದ. ಅವನ ತಂಡ ಸೋತಿತು, ನಮ್ಮ ಅಡುಗೆಯವರು ಗೆದ್ದರು.

ನಗುತ್ತಿದ್ದೀರಿ, ಸಂತೋಷ. ಇನ್ನೊಂದು ವ್ಯತ್ಯಾಸವೂ ಇದೆ. ಅವರ ಕ್ರೀಡಾಂಗಣಕ್ಕೆ ಚಾವಣಿ ಇದೆ, ನಮ್ಮದಕ್ಕೆ ಇಲ್ಲ. ಅದರ ಮಾತು ಆಮೇಲೆ ಆಡುತ್ತೇನೆ.

ಈ ಹಂಚಿಕೆಯ ಲೆಕ್ಕ ಇಲ್ಲಿನ ಶಾಲೆಯ ಮಕ್ಕಳಿಗೂ ಬಾಯಿಪಾಠ. ಋತು ಮುಗಿದಾಗ ಕಾನ್ಫರೆನ್ಸಿನಲ್ಲಿ ಮೊದಲು ಬಂದವರು ಎಲ್ಲಕ್ಕಿಂತ ದೊಡ್ಡ ಬೌಲಿಗೆ, ಎರಡನೆಯವರು ಅದಕ್ಕಿಂತ ಚಿಕ್ಕದಕ್ಕೆ. ಹೀಗೇ ಇಳಿಯುತ್ತಾ ಬಂದರೆ ಐದನೆಯವರು ಪೋರ್ಟ್ ಕಾರ್ವೆಲ್‌ಗೆ, ಆರನೆಯವರು ಬೆಲ್‌ಫೋರ್ಡ್‌ಗೆ. ಇದೇ ಒಪ್ಪಂದ. ಇನ್ನು ಮುಂದೆ ಆರನೆಯವರೂ ಪೋರ್ಟ್ ಕಾರ್ವೆಲ್‌ಗೇ ಹೋಗುತ್ತಾರೆ. ಆರನೇ ಸ್ಥಾನಕ್ಕೆ ಬಂದವರನ್ನು ಯಾರು ತಾನೇ ಪ್ರೀತಿಸುತ್ತಾರೆ? ನಾವು ಪ್ರೀತಿಸಿದೆವು. ನೊಂದುಕೊಂಡು ಬಸ್ಸಿನಿಂದ ಇಳಿಯುತ್ತಿದ್ದ ಹುಡುಗರಿಗೆ ಬ್ಯಾಂಡು ಬಾರಿಸಿದೆವು, ಮೇಯರ್ ಕೈಲಿ ಹಾರ ಹಾಕಿಸಿದೆವು. ಅದಕ್ಕೆ ಸಿಕ್ಕಿದ ಮರ್ಯಾದೆ ಇದು. ಇರಲಿ ಬಿಡಿ.

ಈ ಲೆಕ್ಕ ನಮ್ಮಿಂದ ಏನೆಲ್ಲ ಮಾಡಿಸಿತು ಎನ್ನುವುದನ್ನು ಮಾತ್ರ ಹೇಳಲೇಬೇಕು. ಒಂದು ವರ್ಷ ನಮ್ಮ ಊರಿನ ಹುಡುಗನೊಬ್ಬ ಆಡುತ್ತಿದ್ದ ತಂಡ ಕೊನೆಯ ಪಂದ್ಯ ಗೆದ್ದರೆ ಐದನೇ ಸ್ಥಾನ, ಸೋತರೆ ಆರನೇ ಸ್ಥಾನ ಎಂದಾಯಿತು. ಊರಿಗೆ ಊರೇ ನನ್ನ ಅಂಗಡಿಯ ಟಿವಿ ಮುಂದೆ ನೆರೆದಿತ್ತು. ಕೊನೆಯ ಗಳಿಗೆಯಲ್ಲಿ ಅವನ ತಂಡದವರು ಒದ್ದ ಚೆಂಡು ಗೋಲುಕಂಬದ ಹೊರಗೆ ಹೋಯಿತು. ನಾವು ಏನು ಮಾಡಿದೆವು? ಕುಣಿದೆವು! ನಮ್ಮ ಹುಡುಗನ ತಂಡ ಸೋತಿತೆಂದು ಟೈರುಗಳ ಮೇಲೆ ಹತ್ತಿ ಕುಣಿದೆವು. ಗ್ರೇಡಿ, ನೀವೂ ಇದ್ದಿರಿ. ಪಾಸ್ಟರ್, ನೀವು ದೇವರಿಗೆ ಸ್ತೋತ್ರ ಎಂದಿರಿ. ಈ ಬುದ್ಧಿ ಬೌಲ್ ಇರುವ ಊರಿನವರಿಗಲ್ಲದೆ ಇನ್ಯಾರಿಗೆ ಬಂದೀತು?

ಅಷ್ಟರಲ್ಲಿ ಆ ಹುಡುಗನ ಫೋನು ಬಂತು.

"ಡ್ಯಾಡಿ, ಸೋತ್ಬಿಟ್ವಿ."

"ಗೊತ್ತು ಕಣೋ, ಗೊತ್ತು!"

"ಏನದು ಗಲಾಟೆ ಅಲ್ಲಿ?"

"ನೀನು ಊರಿಗೆ ಬರ್ತಿದೀಯಲ್ಲೋ! ಅದಕ್ಕೇ! ನಿಮ್ಮಮ್ಮ ಆಗ್ಲೇ ಪೈ ಮಾಡೋಕೆ ನಿಂತಿದ್ದಾಳೆ."

ಅವನು, "ಹುಡುಗ್ರೆಲ್ಲ ಸಮುದ್ರ ನೋಡ್ಬೇಕು ಅಂತಿದ್ರು ಡ್ಯಾಡಿ. ನಾನೂ ನೋಡಿಲ್ವಲ್ಲ," ಎಂದ. ಮರುಕ್ಷಣವೇ ನಕ್ಕ. "ಹೋಗ್ಲಿ ಬಿಡು. ಅಮ್ಮನ ಪೈ ಆಯ್ತಲ್ಲ."

ನೀವೆಲ್ಲ ತಟ್ಟೆ ನೋಡುತ್ತಿದ್ದೀರಿ. ನಿಮಗೆ ಗೊತ್ತಿರುವ ಕಥೆ. ಶ್ರೀ ವಿಟ್‌ಲಾಕ್ ಅವರಿಗಾಗಿ ಹೇಳುತ್ತಿದ್ದೇನೆ. ಆ ಹುಡುಗ ನನ್ನ ಮಗ ಡೆರಿಕ್ ಪೆಟ್ಟಿಗ್ರೂ. ಆ ವರ್ಷ ಬೌಲ್ ನಡೆದ ದಿನ ನಮ್ಮ ಕ್ರೀಡಾಂಗಣದ ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಆಟದ ಮೂರನೇ ಕಾಲು ಭಾಗದಲ್ಲಿ, ಚೆಂಡು ಒದೆದ ಮೇಲೆ ಎಲ್ಲರಿಗಿಂತ ಮುಂದೆ ಓಡಿದವನು ಅವನು. ಎದುರಿನವನ ಜೊತೆ ತಲೆಗೆ ತಲೆ ಬಡಿದು ಬಿದ್ದ. ಮತ್ತೆ ಏಳಲಿಲ್ಲ. ಹೊಸ ವರ್ಷ ಹುಟ್ಟುವ ಮೊದಲೇ ಅವನನ್ನು ಮಣ್ಣು ಮಾಡಿದೆವು.

ನೆಲಕ್ಕೂ ಇದಕ್ಕೂ ಸಂಬಂಧವಿಲ್ಲ, ಚಾವಣಿಯ ಕೆಳಗೆ ಬಿದ್ದಿದ್ದರೂ ಹೀಗೇ ಆಗುತ್ತಿತ್ತು ಎಂದರು ಡಾಕ್ಟರು. ಓದಿದವರು, ತಿಳಿದವರು, ನಂಬಿದೆ. ಹಗಲೆಲ್ಲ ನಂಬಿಕೊಂಡೇ ಟೈರು ಬಿಚ್ಚುತ್ತೇನೆ. ಆದರೂ ಟಿವಿಯಲ್ಲಿ ಪೋರ್ಟ್ ಕಾರ್ವೆಲ್‌ನ ಆ ಚಾವಣಿ ಕಂಡರೆ ಆರಿಸಿಬಿಡುತ್ತೇನೆ.

ಕ್ಷಮಿಸಿ, ಥ್ಯಾಂಕ್ಸ್ ಹೇಳಲು ನಿಂತವನು ನಾನು.

ಈ ಸಮಿತಿಗೆ ನನ್ನ ಕೃತಜ್ಞತೆ ದೊಡ್ಡದು. ಮರುವರ್ಷವೇ ನೀವು ಅವನ ಹೆಸರಿನಲ್ಲಿ ಒಂದು ಪ್ರಶಸ್ತಿ ಇಟ್ಟಿರಿ. ಪಂದ್ಯ ಮುಗಿದ ಮೇಲೆ, ಬಿದ್ದ ಎದುರಾಳಿಗೆ ಕೈಕೊಟ್ಟು ಎಬ್ಬಿಸಿದ ಆಟಗಾರನೊಬ್ಬನಿಗೆ ಅದನ್ನು ಕೊಡುತ್ತೀರಿ. ಧ್ವನಿವರ್ಧಕದಲ್ಲಿ "ಡೆರಿಕ್ ಪೆಟ್ಟಿಗ್ರೂ ಪ್ರಶಸ್ತಿ" ಎಂದು ಕೂಗುತ್ತೀರಿ. ನನ್ನ ಹೆಂಡತಿ ವೀಡಾ ವರ್ಷಕ್ಕೊಮ್ಮೆ ಕ್ರೀಡಾಂಗಣಕ್ಕೆ ಬರುವುದು ಅದನ್ನು ಕೇಳುವುದಕ್ಕೆ. ಆಟದ ಕಡೆ ಅವಳು ಕಣ್ಣೆತ್ತಿಯೂ ನೋಡುವುದಿಲ್ಲ, ಹೆಣಿಗೆ ಹಾಕುತ್ತಾ ಕೂರುತ್ತಾಳೆ. ಹೆಸರು ಕೂಗಿದಾಗ ಎದ್ದು ನಿಲ್ಲುತ್ತಾಳೆ.

ಆ ಪ್ರಶಸ್ತಿಯನ್ನಾದರೂ ಪೋರ್ಟ್ ಕಾರ್ವೆಲ್‌ಗೆ ಒಯ್ಯುತ್ತೀರಾ ಎಂದು ಇಂದು ಬೆಳಿಗ್ಗೆ ಶ್ರೀ ವಿಟ್‌ಲಾಕ್ ಅವರನ್ನು ಕೇಳಿದೆ. ನನ್ನ ಕೈ ಹಿಡಿದುಕೊಂಡೇ ಉತ್ತರಿಸಿದರು, ಅದಕ್ಕೆ ವಂದನೆ. "ಹೋಬರ್ಟ್, ಅಲ್ಲಿ ಪ್ರಶಸ್ತಿಗೆಲ್ಲ ಪ್ರಾಯೋಜಕರ ಹೆಸರೇ ಇಡ್ಬೇಕು. ಸುಳ್ಳು ಭರವಸೆ ಕೊಡೋದಿಲ್ಲ ನಿಮಗೆ. ಅಲ್ಲೀ ಜನಕ್ಕೆ ಅವನು ಯಾರು ಅಂತ್ಲೂ ಗೊತ್ತಾಗೋಲ್ಲ," ಎಂದರು. ನಿಜ ಹೇಳಿದಿರಿ, ಸ್ವಾಮಿ. ನಿಜ ಹೇಳಿದವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಪ್ರಯತ್ನ ಮಾಡುತ್ತಿದ್ದೇನೆ, ಆಗುತ್ತಿಲ್ಲ.

ಮನೆಗೆ ಹೋಗಿ ವೀಡಾಗೆ ಹೇಳಿದೆ. ಅವಳು ಅಳಲಿಲ್ಲ. "ಹೋದ ವರ್ಷ ಅವನ ಹೆಸರು ಕೂಗೋ ಹೊತ್ತಿಗೆ ಎಷ್ಟು ಜನ ಇದ್ರು ಹೇಳು? ಟ್ರಾಫಿಕ್ಕು ಟ್ರಾಫಿಕ್ಕು ಅಂತ ಎಲ್ಲಾ ಎದ್ದು ಹೋಗಿದ್ರು. ಬೆಂಚುಗಳೇ ಕೇಳಿಸ್ಕೊಂಡ್ವು," ಎಂದಳು. ಆಮೇಲೆ, "ನಾಳೆ ಒಂದು ಸಲ ಕೂತಿರ್ತಾರೇನೋ ಕೇಳಿ ನೋಡ್ರೀ. ಕೇಳಿದ್ರೆ ಏನ್ ಹೋಗತ್ತೆ?" ಎಂದಳು.

ಕೇಳುತ್ತಿದ್ದೇನೆ. ಸಭಿಕರೇ, ಈ ಬೌಲ್ ಉಳಿಸಿಕೊಡಿ ಎಂದು ನಾನು ಕೇಳುತ್ತಿಲ್ಲ, ಅದು ಕೈಬಿಟ್ಟು ಹೋಯಿತು. ನಾಳೆ ಎಷ್ಟೇ ಚಳಿ ಇರಲಿ, ನಿಮ್ಮ ತಂಡ ಎಷ್ಟೇ ಹೀನಾಯವಾಗಿ ಸೋಲುತ್ತಿರಲಿ, ಎದ್ದು ಹೋಗಬೇಡಿ. ಟಿವಿಯವರು ದೀಪ ಆರಿಸಿದರೂ ಕೂತಿರಿ.

ಶ್ರೀ ವಿಟ್‌ಲಾಕ್ ಅವರೇ, ನಾಳೆ ಆಟ ಮುಗಿಯುವ ಮೊದಲೇ ನಿಮ್ಮ ವಿಮಾನವಂತೆ, ಕೇಳಿಪಟ್ಟೆ. ಅದು ತಪ್ಪಿದರೆ ಚಿಂತೆಯಿಲ್ಲ, ನಿಮ್ಮನ್ನು ನನ್ನ ಟ್ರಕ್ಕಿನಲ್ಲಿ ಮನೆವರೆಗೂ ಬಿಟ್ಟುಬರುತ್ತೇನೆ, ಎಷ್ಟೇ ದೂರವಾಗಲಿ. ವೀಡಾಳ ಪಕ್ಕದ ಸೀಟನ್ನು ನಿಮಗೆಂದೇ ಇಟ್ಟಿದ್ದೇವೆ. ಹೆಸರು ಕೂಗಿದಾಗ ಅವಳು ಎದ್ದು ನಿಲ್ಲುತ್ತಾಳೆ. ಅವಳ ಮಂಡಿ ಈಗ ಸರಿಯಿಲ್ಲ. ದಯವಿಟ್ಟು ನೀವೇ ಕೈಕೊಟ್ಟು ಎಬ್ಬಿಸಿ.

ಇಷ್ಟು ಹೊತ್ತು ಊಟ ಆರಲು ಬಿಟ್ಟು ಕೇಳಿದಿರಿ, ಎಲ್ಲರಿಗೂ ವಂದನೆಗಳು. ನಮಸ್ಕಾರ.