ದೂರ ಹೋಗಿ ತಿರುಗುವ ಲೆಕ್ಕ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದ ಮೇಯರ್ ಅವರೇ, ಇಂದು ನಿವೃತ್ತರಾಗುತ್ತಿರುವ ಹೆದ್ವಿಗ್ ಅವರೇ, ಊಟದ ವಾಸನೆ ಬಂದರೂ ಕುರ್ಚಿ ಬಿಟ್ಟೇಳದ ಸಭಿಕರೇ,

ಉಪಗ್ರಹಗಳಿಗೆ ದಾರಿ ಹೇಳುವ ನಮ್ಮ ಡಾರ್ಮ್‌ಸ್ಟಾಟ್‌ನ ಈ ಕೇಂದ್ರದಲ್ಲಿ ಒಂದು ಪದ್ಧತಿ ಇದೆ. ಪ್ರತಿ ಲೆಕ್ಕವನ್ನೂ ಇಬ್ಬರು ಬೇರೆ ಬೇರೆಯಾಗಿ ಮಾಡಬೇಕು. ಉತ್ತರ ತಾಳೆಯಾಗುವ ತನಕ ಆ ಇಬ್ಬರೂ ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ. ಮಾತಿನ ನಡುವೆ ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟಿಕೊಂಡರೆ ಮೇಲಿರುವ ಉಪಗ್ರಹದ ಗತಿ ಏನು? ಹೆದ್ವಿಗ್ ಅವರ ಲೆಕ್ಕಕ್ಕೆ ಜೋಡಿ ಲೆಕ್ಕ ಹಾಕುತ್ತಿದ್ದವನು ಈ ಎಕ್‌ಹಾರ್ಟ್, ಅಂದರೆ ನಾನು. ಹಾಗಾಗಿ ಅವರು ಬಾಗಿಲ ಬಳಿ ಉಣ್ಣುತ್ತಿದ್ದರು, ನಾನು ಕಿಟಕಿಯ ಬಳಿ.

ನಮ್ಮ ಮೊದಲ ಹವಾಮಾನ ಉಪಗ್ರಹ ಹಳಬರಿಗೆ ನೆನಪಿರಬಹುದು. ರಾಕೆಟ್ ಅದನ್ನು ತಗ್ಗಿನ, ಓರೆಯಾದ ಕಕ್ಷೆಯಲ್ಲಿ ಬಿಟ್ಟು ಕೈತೊಳೆದುಕೊಂಡಿತು. ಅದನ್ನು ಎತ್ತರಕ್ಕೆ ಏರಿಸಬೇಕು, ಓರೆಯನ್ನೂ ತಿದ್ದಬೇಕು. ಇರುವ ಇಂಧನ ಸಾಲದೆಂದು ಎಲ್ಲರೂ ತಲೆಯ ಮೇಲೆ ಕೈಹೊತ್ತು ಕೂತೆವು. ಹೆದ್ವಿಗ್ ಒಬ್ಬರೇ, ಅದು ಸೇರಬೇಕಾದ ಎತ್ತರವನ್ನೂ ದಾಟಿ ದೂರ ಹೋಗಲಿ ಎಂದರು.

ಆಗಿನ ಮುಖ್ಯಸ್ಥರು ಕನ್ನಡಕ ತೆಗೆದರು. "ಅಲ್ರೀ, ಮನೆ ಇಲ್ಲೇ ಇದೆ, ನೀವು ಊರಾಚೆಗೆ ಬಸ್ ಹತ್ತಿಸ್ತಾ ಇದೀರಲ್ಲ?"

"ಇಲ್ಲಿ ಅದು ಜೋರಾಗಿ ಓಡ್ತಿದೆ. ಓಡೋದನ್ನ ಹಿಡಿದು ತಿರುಗಿಸೋಕೆ ಹೋದ್ರೆ ಇಂಧನ ಎಲ್ಲಾ ಅಲ್ಲೇ ಖಾಲಿ. ದೂರ ಹೋದಷ್ಟೂ ನಿಧಾನ ಆಗುತ್ತೆ. ಅಲ್ಲಿ ತಿರುಗಿಸೋದು ಸುಲಭ. ಆಮೇಲೆ ಮನೆಗೆ ಕರ್ಕೊಂಡು ಬರೋಣ."

"ಲೆಕ್ಕ ತಪ್ಪಿದ್ರೆ?"

"ಎಕ್‌ಹಾರ್ಟ್ ಹಾಕ್ತಾರಲ್ಲ. ಅವರನ್ನೇ ಕೇಳಿ."

ನಾನು ತಟ್ಟೆ ಹಿಡಿದು ಕಿಟಕಿಯ ಬಳಿಗೆ ಹೋದೆ. ಅವರ ಕಡೆಗೆ ಬೆನ್ನು ಹಾಕಿ, ತಣ್ಣಗಾದ ಆಲೂಗಡ್ಡೆ ನುಂಗುತ್ತ ಲೆಕ್ಕ ಹಾಕಿದೆ. ಅವರದು ತಪ್ಪಾಗದಿರಲಿ ಎಂದು ಇಷ್ಟೊಂದು ಹಂಬಲಿಸುವವನು ಜೋಡಿ ಲೆಕ್ಕಕ್ಕೆ ಯೋಗ್ಯನೇ? ಅದಕ್ಕೇ ಎಲ್ಲವನ್ನೂ ಅಳಿಸಿ ಮತ್ತೆ ಮೊದಲಿನಿಂದ ಹಾಕಿದೆ. ಉತ್ತರ ತಾಳೆಯಾಯಿತು. ಉಪಗ್ರಹ ದೂರ ಹೋಯಿತು, ತಿರುಗಿತು, ತನ್ನ ಜಾಗಕ್ಕೆ ಬಂತು. ಆಮೇಲೆ ವರ್ಷಗಟ್ಟಲೆ ಅದು ಬಿರುಗಾಳಿಯ ಸುದ್ದಿಯನ್ನು ನಮಗೆ ಮುಂಚಿತವಾಗಿ ತಿಳಿಸುತ್ತ ಬಂತು. ನಾನು ಕಂಡ ಲೆಕ್ಕಗಳಲ್ಲಿ ಅದಕ್ಕಿಂತ ಚೆಂದದ್ದು ಇನ್ನೊಂದಿಲ್ಲ.

ಅಂದು ಹೆದ್ವಿಗ್, "ಬನ್ನಿ, ಈಗಲಾದ್ರೂ ಜೊತೇಲಿ ಊಟ ಮಾಡೋಣ" ಎಂದರು. ನಾನು ತಟ್ಟೆ ಹಿಡಿದು ಹೊರಟಿದ್ದೆ. ಅಷ್ಟರಲ್ಲಿ ಮುಂದಿನ ಉಪಗ್ರಹದ ಕೆಲಸ ಬಂತು. ತಟ್ಟೆ ಕಿಟಕಿಯ ಬಳಿಗೇ ಹಿಂತಿರುಗಿತು. ಒಂದು ಮುಗಿಯುವುದರೊಳಗೆ ಇನ್ನೊಂದು; ಹಾಗೇ ನಮ್ಮಿಬ್ಬರ ಕೂದಲೂ ಬೆಳ್ಳಗಾಯಿತು. ಅವರು ಬ್ರೆಡ್ಡಿನ ಅಂಚು ಬಿಟ್ಟು ತಿನ್ನುತ್ತಾರೆ, ಮೊಟ್ಟೆಯ ಜೊತೆ ಸೊಪ್ಪಿನ ಹಸಿರು ಸಾಸ್ ಬಡಿಸಿದ ದಿನ ಮೊಟ್ಟೆಯನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಬೆನ್ನು ಹಾಕಿ ಕೂತವನಿಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳುತ್ತೀರಾ? ಕಿಟಕಿಯ ಗಾಜಿನಲ್ಲಿ ಕಾಣುತ್ತದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಮುಗಿಸುತ್ತೇನೆ.

ಹೆದ್ವಿಗ್ ಅವರೇ, ಇಂದು ನಮ್ಮಿಬ್ಬರ ನಡುವೆ ತಾಳೆ ನೋಡಬೇಕಾದ ಲೆಕ್ಕ ಯಾವುದೂ ಉಳಿದಿಲ್ಲ. ನಾನು ತೀರಾ ದೂರ ಹೋಗಿಬಿಟ್ಟವನು, ನಿಜ. ಆದರೆ ಈಗ ನನ್ನ ವೇಗವೂ ತಗ್ಗಿದೆ, ತಿರುಗುವುದು ಸುಲಭ. ಕಿಟಕಿಯ ಬಳಿಯ ಮೇಜಿಗೆ ಇವತ್ತು ಎರಡು ಕುರ್ಚಿ ಹಾಕಿಸಿದ್ದೇನೆ.

ಇಷ್ಟು ಹೊತ್ತು ಹಸಿವು ತಡೆದುಕೊಂಡು ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.